ಫೋನ್ ಎತ್ತೋರು ಯಾರು, ದುಡ್ಡು ಕೊಡೋರು ಯಾರು

ಊರಿನ ಗೆಳೆಯರ ಜೊತೆ ವಾಟ್ಸಾಪಿನಲ್ಲಿ ಗಾಜಾ, ಉಕ್ರೇನ್, ಬಾಂಗ್ಲಾದೇಶ ಅಂತ ಏನಾದರೂ ಮಾತು ಬಂದರೆ ಅದು ಕೊನೆಗೆ ಒಂದೇ ಕಡೆ ಹೋಗಿ ನಿಲ್ಲುತ್ತದೆ. "ಬಿಡಪ್ಪ, ಟಿವಿ ಹಾಕಿದ್ರೆ ಬರೀ ಕಿರುಚಾಟ. ಯಾರಿಗೆ ಬೇಕು?" ಅವರ ಮಾತು ಸುಳ್ಳಲ್ಲ. ಎಂಟು ಜನರನ್ನು ಎಂಟು ಚೌಕದಲ್ಲಿ ಕೂರಿಸಿ, ಹಿಂದೆ ಬೆಂಕಿಯ ಗ್ರಾಫಿಕ್ಸ್ ಹಾಕಿದರೆ ಯಾವ ದೇಶದ ಕಥೆಯೂ ತಲೆಗೆ ಹೋಗಲ್ಲ. ಆದರೆ ಚರ್ಚೆ ಅಂದರೆ ಇಷ್ಟೇ ಅಂದುಕೊಂಡು ಆ ವಿಷಯವನ್ನೇ ಕೈಬಿಟ್ಟರಲ್ಲ, ಅದು ನನಗೆ ಬೇಜಾರು. ಇದೇ ಯುದ್ಧ, ಇದೇ ಹೋರಾಟಗಳ ಬಗ್ಗೆ ಒಂದು ಗಂಟೆ ಸಮಾಧಾನವಾಗಿ ಕೂತು, ಕೇಳುಗರ ಫೋನನ್ನೂ ತಗೊಂಡು ಮಾತಾಡುವ ಒಂದು ಜಾಗ ಇದೆ. ರೇಡಿಯೋ. ನಮ್ಮ ಕಡೆ ಅದನ್ನು ಯಾರೂ ಕೇಳೇ ಇಲ್ಲ. ಯಾಕೆ ಅಂತ ಆಮೇಲೆ ಬರ್ತೀನಿ.

ನಾನಿರುವುದು ಸ್ಯಾನ್ ಫ್ರಾನ್ಸಿಸ್ಕೋ ಬೇ ಏರಿಯಾದಲ್ಲಿ. ಇಲ್ಲಿಗೆ ಬಂದಾಗ ಇರಾಕ್ ಯುದ್ಧದ ಮಾತು ಜೋರಾಗಿತ್ತು. ಹೊಸ ಕೆಲಸ, ಎಚ್‌1ಬಿ ವೀಸಾ, ಯಾರೋ ಮಾರಿದ ಹಳೆಯ ಟೊಯೋಟಾ ಕಾರು, ಅದರಲ್ಲಿ ಕೆಟ್ಟು ಕೂತ ಸಿಡಿ ಪ್ಲೇಯರ್. ಹಾಗಾಗಿ ರೇಡಿಯೋ. 880 ಹೆದ್ದಾರಿಯಲ್ಲಿ ಟ್ರಾಫಿಕ್ ನಿಂತಾಗ ಬಟನ್ ಒತ್ತುತ್ತಾ ಹೋದರೆ ಎರಡು ಬೇರೆ ಬೇರೆ ಅಮೆರಿಕಾ ಕೇಳಿಸುತ್ತಿತ್ತು. ಎಎಂ 560ರಲ್ಲಿ ಕೆಎಸ್‌ಎಫ್‌ಓ. ಅಲ್ಲಿ ಯುದ್ಧ ಯಾವಾಗ ಅನ್ನುವುದಷ್ಟೇ ಪ್ರಶ್ನೆ. ಎಫ್‌ಎಂ 94.1ರಲ್ಲಿ ಬರ್ಕ್ಲಿಯ ಕೆಪಿಎಫ್‌ಎ. ಅಲ್ಲಿ ಯುದ್ಧ ಯಾಕೆ ಅನ್ನುವುದು ಪ್ರಶ್ನೆ.

2003ರ ಫೆಬ್ರವರಿ 15ರಂದು ಲಂಡನ್, ರೋಮ್, ಮ್ಯಾಡ್ರಿಡ್‌ಗಳಲ್ಲಿ ಲಕ್ಷಾಂತರ ಜನ ಯುದ್ಧ ಬೇಡ ಅಂತ ಬೀದಿಗಿಳಿದರು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಮಾತ್ರ ಒಂದು ದಿನ ತಡ. ಆ ಶನಿವಾರ ಊರಿನಲ್ಲಿ ಚೀನೀ ಹೊಸವರ್ಷದ ಮೆರವಣಿಗೆ ಇತ್ತು, ಅದಕ್ಕೆ ಅಡ್ಡಿ ಆಗಬಾರದು ಅಂತ ಇವರು ಭಾನುವಾರಕ್ಕೆ ಹಾಕಿಕೊಂಡರು. (ಯುದ್ಧ ನಿಲ್ಲಿಸೋಕೆ ಹೊರಟವರು ಊರಿನ ಹಬ್ಬಕ್ಕೆ ದಾರಿ ಬಿಟ್ಟಿದ್ದು ನನಗೆ ಈಗಲೂ ಇಷ್ಟ.) ವೀಸಾ ಮೇಲಿದ್ದವನಿಗೆ ಮೆರವಣಿಗೆಗೆ ಹೋಗುವ ಧೈರ್ಯ ಎಲ್ಲಿಂದ ಬರಬೇಕು? ರೇಡಿಯೋದಲ್ಲೇ ಕೇಳಿದೆ. ಮಾರ್ಚ್‌ನಲ್ಲಿ ಬಾಂಬುಗಳು ಬಿದ್ದೇ ಬಿದ್ದವು. ಇರಾಕಿನಲ್ಲಿ ಇವೆ ಇವೆ ಅಂದಿದ್ದ ಸಾಮೂಹಿಕ ನಾಶದ ಅಸ್ತ್ರಗಳು ಮಾತ್ರ ಸಿಗಲಿಲ್ಲ.

ಒಂದೇ ಊರು, ಒಂದೇ ಯುದ್ಧ. ಎರಡು ಸ್ಟೇಷನ್ನು ಇಷ್ಟು ಬೇರೆ ಯಾಕೆ? ಆಗ ಶುರುವಾದ ಕುತೂಹಲ ಇನ್ನೂ ಹೋಗಿಲ್ಲ.

ಅಮೆರಿಕಾದಲ್ಲಿ 1949ರಿಂದ ಒಂದು ನಿಯಮ ಇತ್ತು, ಫೇರ್‌ನೆಸ್ ಡಾಕ್ಟ್ರಿನ್ ಅಂತ. ಪ್ರಸಾರದ ಲೈಸೆನ್ಸ್ ತಗೊಂಡವರು ಜನರಿಗೆ ಸಂಬಂಧಪಟ್ಟ ವಿವಾದಗಳ ಬಗ್ಗೆ ಮಾತಾಡಲೇಬೇಕು, ಎದುರಿನ ಅಭಿಪ್ರಾಯಕ್ಕೂ ಜಾಗ ಕೊಡಬೇಕು. 1987ರಲ್ಲಿ ಅದನ್ನು ತೆಗೆದುಹಾಕಿದರು. ಅಷ್ಟರಲ್ಲಿ ಹಾಡುಗಳೆಲ್ಲ ಎಫ್‌ಎಂಗೆ ಹೋಗಿ ಎಎಂ ಸ್ಟೇಷನ್‌ಗಳು ಖಾಲಿ ಹೊಡೆಯುತ್ತಿದ್ದವು. ಮರುವರ್ಷವೇ ರಶ್ ಲಿಂಬಾ ಅನ್ನುವ ಬಲಪಂಥೀಯ ಮಾತುಗಾರನ ಕಾರ್ಯಕ್ರಮ ದೇಶದ ತುಂಬ ಹರಡಲು ಶುರುವಾಯಿತು. ಒಬ್ಬ ಮನುಷ್ಯ, ಒಂದು ಮೈಕು, ದಿನಕ್ಕೆ ಮೂರು ಗಂಟೆ. ವರದಿಗಾರರು ಬೇಡ, ವಿದೇಶದಲ್ಲಿ ಆಫೀಸು ಬೇಡ. ಖರ್ಚು ಕಮ್ಮಿ, ಜಾಹೀರಾತು ಜಾಸ್ತಿ. ಇಂಥ ಅಂಗಡಿಯಲ್ಲಿ ಗಿರಾಕಿಗೆ ಬೇಜಾರಾಗುವ ಮಾತು ಯಾರು ಆಡ್ತಾರೆ?

ಕೆಪಿಎಫ್‌ಎ ಹುಟ್ಟಿದ್ದೂ ಅದೇ 1949ರಲ್ಲಿ, ಏಪ್ರಿಲ್ 15ಕ್ಕೆ. ಹುಟ್ಟಿಸಿದವನು ಲ್ಯೂಯಿಸ್ ಹಿಲ್. ಎರಡನೇ ಮಹಾಯುದ್ಧದಲ್ಲಿ ನಾನು ಬಂದೂಕು ಹಿಡಿಯಲ್ಲ ಅಂದ ಶಾಂತಿವಾದಿ. ಅವನ ಯೋಚನೆ ಸರಳ. ಜಾಹೀರಾತಿನವರು ದುಡ್ಡು ಕೊಟ್ಟರೆ ಅವರ ಮಾತು ಕೇಳಬೇಕಾಗುತ್ತೆ, ಸರ್ಕಾರ ಕೊಟ್ಟರೆ ಸರ್ಕಾರದ್ದು. ಹಾಗಾದರೆ ಕೇಳುವವರೇ ಕೊಡಲಿ. ಕೇಳುಗರ ಚಂದಾದಿಂದ ನಡೆಯುವ ರೇಡಿಯೋ ಅನ್ನುವ ಪದ್ಧತಿ ಅಮೆರಿಕಾದಲ್ಲಿ ಅಲ್ಲಿಂದಲೇ ಬೆಳೆದಿದ್ದು. ಪ್ಯಾಸಿಫಿಕಾ ಅನ್ನುವ ಅದರ ಸಂಸ್ಥೆ ಆಮೇಲೆ ಲಾಸ್ ಏಂಜಲೀಸ್, ನ್ಯೂಯಾರ್ಕ್, ಹ್ಯೂಸ್ಟನ್, ವಾಷಿಂಗ್ಟನ್‌ನಲ್ಲೂ ಸ್ಟೇಷನ್ ನಡೆಸಿತು.

ಹ್ಯೂಸ್ಟನ್ನಿನದು ಬೇರೆಯೇ ಕಥೆ. ಅಲ್ಲಿನ ಕೆಪಿಎಫ್‌ಟಿ 1970ರ ಮಾರ್ಚ್‌ನಲ್ಲಿ ಶುರುವಾಯಿತು. ಮೇ ತಿಂಗಳಲ್ಲಿ ಅದರ ಟ್ರಾನ್ಸ್‌ಮಿಟರ್‌ಗೆ ಡೈನಮೈಟ್ ಇಟ್ಟು ಸಿಡಿಸಿದರು. ರಿಪೇರಿ ಮಾಡಿ ಮತ್ತೆ ಶುರು ಮಾಡಿದರೆ ಅಕ್ಟೋಬರ್‌ನಲ್ಲಿ ಮತ್ತೊಮ್ಮೆ ಸಿಡಿಸಿದರು. ಬಿಳಿಯರೇ ಶ್ರೇಷ್ಠ ಅನ್ನುವ ಕು ಕ್ಲಕ್ಸ್ ಕ್ಲಾನ್ ಗುಂಪಿನವರ ಕೆಲಸ. ಹಾಗೆ ಒಂದು ಸಲ ಸ್ಫೋಟ ಆದಾಗ ವಿಯೆಟ್ನಾಂ ಯುದ್ಧಕ್ಕೆ ಹುಡುಗರನ್ನು ಸೇರಿಸಿಕೊಳ್ಳುವುದನ್ನು ಗೇಲಿ ಮಾಡುವ ಒಂದು ಹಾಡು ಪ್ರಸಾರವಾಗುತ್ತಿತ್ತಂತೆ. 1971ರ ಜನವರಿಯಲ್ಲಿ ಸ್ಟೇಷನ್ ಮತ್ತೆ ಬಾಯಿ ಬಿಟ್ಟಾಗ ಹಾಡುಗಾರನೇ ಖುದ್ದಾಗಿ ಬಂದು ಅದನ್ನು ಹಾಡಿದ. ರೇಡಿಯೋ ಚರ್ಚೆ ಅಂದರೆ ಸುಮ್ನೆ ಹೊತ್ತು ಕಳೆಯೋ ಮಾತು ಅನ್ನುವವರು ಇದನ್ನು ಸ್ವಲ್ಪ ಯೋಚನೆ ಮಾಡಬೇಕು. ಹೊತ್ತು ಕಳೆಯೋ ಮಾತಿಗೆ ಯಾರೂ ಎರಡು ಸಲ ಡೈನಮೈಟ್ ಖರ್ಚು ಮಾಡಲ್ಲ.

ಈಗ ನನಗೆ ಬಹಳ ಇಷ್ಟವಾದ ಪ್ರಸಂಗ. 2000ದ ನವೆಂಬರ್ 7, ಅಧ್ಯಕ್ಷ ಚುನಾವಣೆಯ ದಿನ. ಬಿಲ್ ಕ್ಲಿಂಟನ್ ಆಗ ಇನ್ನೂ ಅಧ್ಯಕ್ಷ. ಅಲ್ ಗೋರ್‌ಗೆ, ಸೆನೆಟ್‌ಗೆ ನಿಂತಿದ್ದ ಹೆಂಡತಿ ಹಿಲರಿಗೆ ಓಟು ಹಾಕಿ ಅಂತ ಬೆಳಿಗ್ಗೆಯಿಂದ ರೇಡಿಯೋ ಸ್ಟೇಷನ್‌ಗಳಿಗೆ ಒಂದೊಂದಾಗಿ ಫೋನ್ ಮಾಡುತ್ತಿದ್ದರು. ಎರಡು ನಿಮಿಷ ನಗುನಗುತ್ತಾ ಮಾತಾಡಿ ಇಡುವುದು, ಮುಂದಿನ ನಂಬರ್. ಹಾಗೇ ನ್ಯೂಯಾರ್ಕಿನ ಪ್ಯಾಸಿಫಿಕಾ ಸ್ಟೇಷನ್ ಡಬ್ಲ್ಯೂಬಿಎಐಗೂ ಮಾಡಿದರು. ಫೋನ್ ಎತ್ತಿದ್ದು ಅಲ್ಲಿನ ಪತ್ರಕರ್ತೆ ಏಮಿ ಗುಡ್‌ಮನ್.

ಆಕೆ ಬಿಡಲೇ ಇಲ್ಲ. ಎರಡೂ ಪಕ್ಷಗಳು ಕಂಪನಿಗಳ ಜೇಬಿನಲ್ಲಿವೆ, ಓಟು ಹಾಕಿ ಏನು ಪ್ರಯೋಜನ ಅನ್ನುವವರಿಗೆ ಏನು ಹೇಳ್ತೀರಿ ಅಂತ ಶುರು ಮಾಡಿದರು. ಜೈಲಿನಲ್ಲಿದ್ದ ಆದಿವಾಸಿ ಹೋರಾಟಗಾರ ಲೆನರ್ಡ್ ಪೆಲ್ಟಿಯರ್‌ಗೆ ಕ್ಷಮಾದಾನ ಕೊಡ್ತೀರಾ ಅಂದರು. ಇರಾಕ್ ಮೇಲಿನ ದಿಗ್ಬಂಧನದಿಂದ ಮಕ್ಕಳು ಸಾಯುತ್ತಿದ್ದಾರೆ, ಅದನ್ನು ವಿರೋಧಿಸಿ ಅಲ್ಲಿದ್ದ ವಿಶ್ವಸಂಸ್ಥೆಯ ಅಧಿಕಾರಿಗಳೇ ರಾಜೀನಾಮೆ ಕೊಟ್ಟರಲ್ಲ ಅಂದರು. ಕ್ಲಿಂಟನ್ ಅದೆಲ್ಲ ಸದ್ದಾಮ್ ಮಾಡಿಕೊಂಡಿದ್ದು ಅಂದರು, ವಾದ ಮಾಡಿದರು, ಕೊನೆಗೆ ರೇಗಿದರು. ನೀವು ಕೇಳುವ ಧಾಟಿ ಜಗಳಗಂಟಿಯದು, ಅಗೌರವದ್ದು ಅಂದರು. ಆದರೂ ಫೋನ್ ಇಡಲಿಲ್ಲ. ಸುಮಾರು ಅರ್ಧ ಗಂಟೆ ನಡೆಯಿತು. ಆಮೇಲೆ ಶ್ವೇತಭವನದ ಕಡೆಯಿಂದ ತಕರಾರು ಬಂದಾಗ ಗುಡ್‌ಮನ್ ಕೊಟ್ಟ ಉತ್ತರದ ತಾತ್ಪರ್ಯ ಇಷ್ಟು: ಅವರು ಲೋಕದಲ್ಲೇ ಅತಿ ಹೆಚ್ಚು ಅಧಿಕಾರ ಇರೋ ಮನುಷ್ಯ, ಬೇಕಿದ್ದರೆ ಫೋನ್ ಇಡಬಹುದಿತ್ತು.

ಆ ಧೈರ್ಯ ಎಲ್ಲಿಂದ ಬಂತು ಅಂದರೆ ಒಂಬತ್ತು ವರ್ಷ ಹಿಂದೆ ಹೋಗಬೇಕು. 1991ರ ನವೆಂಬರ್ 12, ಪೂರ್ವ ತಿಮೋರ್‌ನ ದಿಲಿ ಪಟ್ಟಣ. 1975ರಿಂದ ಇಂಡೋನೇಷ್ಯಾ ಸೈನ್ಯದ ಕೈಯಲ್ಲಿದ್ದ ಪುಟ್ಟ ದೇಶ. ಸತ್ತ ಯುವಕನೊಬ್ಬನ ಸಮಾಧಿಗೆ ಸಾಂತಾ ಕ್ರೂಜ್ ಸ್ಮಶಾನಕ್ಕೆ ಮೆರವಣಿಗೆ ಹೊರಟಿದ್ದ ಜನರ ಮೇಲೆ ಸೈನಿಕರು ಗುಂಡು ಹಾರಿಸಿದರು. 250ಕ್ಕೂ ಹೆಚ್ಚು ಜನ ಸತ್ತರು ಅಂತ ಲೆಕ್ಕ. ಅಲ್ಲಿ ಮೈಕು, ರೆಕಾರ್ಡರ್ ಹಿಡಿದು ನಿಂತಿದ್ದವರು ಇದೇ ಗುಡ್‌ಮನ್, ಜೊತೆಗೆ ಇನ್ನೊಬ್ಬ ಪತ್ರಕರ್ತ ಅಲನ್ ನೈರ್ನ್. ಇಬ್ಬರಿಗೂ ಹೊಡೆದರು, ನೈರ್ನ್ ತಲೆಬುರುಡೆಯೇ ಒಡೆಯಿತು. ಸೈನಿಕರ ಕೈಯಲ್ಲಿದ್ದ ಎಂ-16 ಬಂದೂಕುಗಳು ಅಮೆರಿಕಾದವು. ಅಮೆರಿಕಾದ ಬಹುತೇಕ ಜನರಿಗೆ ತಿಮೋರ್ ಎಲ್ಲಿದೆ ಅಂತ ಗೊತ್ತಿರದ ಕಾಲದಲ್ಲಿ ಪ್ಯಾಸಿಫಿಕಾ ರೇಡಿಯೋ ಅದರ ಬಗ್ಗೆ ಮಾತಾಡುತ್ತಲೇ ಇತ್ತು. 1999ರಲ್ಲಿ ಜನಮತಗಣನೆ ನಡೆದು, 2002ರ ಮೇ 20ಕ್ಕೆ ಆ ದೇಶ ಸ್ವತಂತ್ರವಾಯಿತು. ರೇಡಿಯೋದಿಂದಲೇ ಆಯ್ತು ಅಂತ ಹೇಳಲ್ಲ. ಆದರೆ ಯಾವ ಜಾಹೀರಾತುದಾರ ತಿಮೋರ್‌ಗೋಸ್ಕರ ಅಷ್ಟು ವರ್ಷ ದುಡ್ಡು ಸುರಿಯುತ್ತಿದ್ದ?

ಹಾಗಂತ ಕೇಳುಗರ ರೇಡಿಯೋ ಅಂದರೆ ಎಲ್ಲ ಚೆನ್ನ ಅಂದುಕೊಳ್ಳಬೇಡಿ. ಚಂದಾ ಎತ್ತುವ ವಾರಗಳಲ್ಲಿ ಕೆಪಿಎಫ್‌ಎ ಕೇಳೋದು ಒಂದು ಶಿಕ್ಷೆ. ಹತ್ತು ನಿಮಿಷ ಕಾರ್ಯಕ್ರಮ, ಹತ್ತು ನಿಮಿಷ ದುಡ್ಡಿನ ಮಾತು. ಇಷ್ಟು ಡಾಲರ್ ಕೊಟ್ಟರೆ ಚೀಲ, ಇಷ್ಟು ಕೊಟ್ಟರೆ ಪುಸ್ತಕ. ಪ್ಯಾಸಿಫಿಕಾದ ಸ್ಟೇಷನ್‌ಗಳಲ್ಲಿ ದುಡ್ಡಿಗೋಸ್ಕರ ಪವಾಡದ ಔಷಧಿ, ಪಿತೂರಿ ಕಥೆಗಳೂ ನುಗ್ಗಿವೆ. ಒಳಜಗಳ ಅಂತೂ ಹೇಳತೀರದು. 1999ರಲ್ಲಿ ಆಡಳಿತದವರು ಕೆಪಿಎಫ್‌ಎ ಸಿಬ್ಬಂದಿಯನ್ನೇ ಹೊರಗೆ ಹಾಕಿ ಬೀಗ ಜಡಿದರು, ಸಾವಿರಾರು ಜನ ಬರ್ಕ್ಲಿಯ ಬೀದಿಯಲ್ಲಿ ಮೆರವಣಿಗೆ ಮಾಡಬೇಕಾಯಿತು. ಊರ ಹೋರಾಟಗಳ ಸುದ್ದಿ ಹೇಳುವ ಸ್ಟೇಷನ್ ತಾನೇ ಸುದ್ದಿಯಾಯಿತು. 2019ರಲ್ಲಿ ನ್ಯೂಯಾರ್ಕಿನ ಡಬ್ಲ್ಯೂಬಿಎಐಗೂ ಹೀಗೇ ಆಗಿ, ವಿಷಯ ಕೋರ್ಟಿಗೆ ಹೋಯಿತು.

ಇನ್ನೊಂದು ದೂರು ನನ್ನದೇ. ಇಲ್ಲಿ ರೇಡಿಯೋಗೆ ಫೋನ್ ಮಾಡುವವರಿಗೆ ಒಂದು ಅಭ್ಯಾಸ ಇದೆ. ಪ್ರಶ್ನೆ ಕೇಳಿ, "ಉತ್ತರ ರೇಡಿಯೋದಲ್ಲೇ ಕೇಳಿಸಿಕೊಳ್ತೀನಿ" ಅಂತ ಫೋನ್ ಇಟ್ಟುಬಿಡುವುದು. ಅದನ್ನು ಸಭ್ಯತೆ ಅಂತಾರೆ. ನನಗೆ ಕಳ್ಳತನ ಅನ್ನಿಸುತ್ತೆ. ನಿರೂಪಕಿ ವಾಪಸ್ ಒಂದು ಪ್ರಶ್ನೆ ಕೇಳಬೇಕು, ಇವರು ತಡವರಿಸಬೇಕು, ಆಗಲೇ ಅಲ್ವಾ ಮಾತು ಮುಂದೆ ಹೋಗೋದು? ಗಾಜಾ ಯುದ್ಧ ಶುರುವಾದ ಮೇಲೆ ಒಂದು ದಿನ ಕೇಳಿದ್ದು ನೆನಪಿದೆ. ಒಬ್ಬ ಹೆಂಗಸಿನ ಅಕ್ಕ ಇಸ್ರೇಲಿನ ಗಡಿ ಊರಿನಲ್ಲಿ, ಇನ್ನೊಬ್ಬರ ನೆಂಟರು ಗಾಜಾದ ಖಾನ್ ಯೂನಿಸ್‌ನಲ್ಲಿ. ನಿರೂಪಕ ಇಬ್ಬರನ್ನೂ ಲೈನಿನಲ್ಲೇ ಉಳಿಸಿಕೊಂಡ. ಒಪ್ಪಂದ ಏನೂ ಆಗಲಿಲ್ಲ. ನಿಮ್ಮವರಿಗೆ ನೀರು ಬರ್ತಿದೆಯಾ ಅಂತ ಅವಳು ಕೇಳಿದಳು, ಇಲ್ಲ ಅಂದರು ಅವರು. ನಾನು ಆಫೀಸಿನ ಪಾರ್ಕಿಂಗ್‌ನಲ್ಲಿ ಕಾರು ಆಫ್ ಮಾಡದೆ ಕೂತಿದ್ದೆ.

ಫೋನ್ ತಗೊಂಡ ಮಾತ್ರಕ್ಕೆ ಪ್ರಜಾಪ್ರಭುತ್ವ ಅಂತಲೂ ಅಲ್ಲ. ರುವಾಂಡಾದ ಆರ್‌ಟಿಎಲ್‌ಎಂ 1993ರಲ್ಲಿ ಶುರುವಾದಾಗ ಜನರಿಗೆ ಬಹಳ ಹತ್ತಿರದ ಸ್ಟೇಷನ್. ಹಾಡು, ತಮಾಷೆ, ಬೀದಿಯ ಮಾತು, ಕೇಳುಗರ ಮಾತು. 1994ರಲ್ಲಿ ಅದೇ ಸ್ಟೇಷನ್ ಅಲ್ಲಿನ ಅಲ್ಪಸಂಖ್ಯಾತ ಟುಟ್ಸಿ ಜನಾಂಗದವರನ್ನು ಜಿರಳೆಗಳು ಅಂದು, ಎಲ್ಲಿ ಅಡಗಿದ್ದಾರೆ ಅಂತ ಹೆಸರು ಸಮೇತ ಹೇಳಿತು. ನೂರು ದಿನದಲ್ಲಿ ಸುಮಾರು ಎಂಟು ಲಕ್ಷ ಜನರ ಕೊಲೆ. ಅದರ ಹಿಂದಿದ್ದವರಿಗೆ 2003ರಲ್ಲಿ ಅಂತಾರಾಷ್ಟ್ರೀಯ ನ್ಯಾಯಮಂಡಳಿ ಶಿಕ್ಷೆ ಕೊಟ್ಟಿತು. ಅಲ್ಲಿಯೂ ಕೇಳಬೇಕಾದ್ದು ಅದೇ: ದುಡ್ಡು ಯಾರದು, ಫೋನ್ ಎತ್ತಿದವನು ವಾಪಸ್ ಏನು ಕೇಳಿದ?

ಇತ್ತ ಬರೀ ವ್ಯಾಪಾರ ಮಾಡಿದವರೂ ಉಳಿಯಲಿಲ್ಲ. ಸ್ಯಾನ್ ಫ್ರಾನ್ಸಿಸ್ಕೋದ ಕೆಜಿಓ 810 ದಶಕಗಳ ಕಾಲ ಇಲ್ಲಿ ನಂಬರ್ ಒನ್ ಮಾತಿನ ಸ್ಟೇಷನ್. ರಾತ್ರಿ ಹೊತ್ತು ಕೆನಡಾವರೆಗೂ ಕೇಳಿಸುತ್ತಿತ್ತು. 2022ರ ಅಕ್ಟೋಬರ್‌ನಲ್ಲಿ ಒಂದು ಬೆಳಿಗ್ಗೆ, ಕಾರ್ಯಕ್ರಮ ನಡೆಯುತ್ತಿದ್ದಾಗಲೇ ಬಂದ್. ಆಮೇಲೆ ಅಲ್ಲಿ ಕ್ರೀಡಾ ಬೆಟ್ಟಿಂಗ್ ಮಾತು.

ಈಗ ನಮ್ಮ ಊರಿಗೆ ಬರೋಣ. ದೇಶದ ಮೊದಲ ಖಾಸಗಿ ಎಫ್‌ಎಂ ಶುರುವಾಗಿದ್ದು 2001ರ ಜುಲೈನಲ್ಲಿ, ನಮ್ಮ ಬೆಂಗಳೂರಿನಲ್ಲೇ. ಆದರೆ ಭಾರತದಲ್ಲಿ ಖಾಸಗಿ ಎಫ್‌ಎಂ ತನ್ನದೇ ಸುದ್ದಿ ಹೇಳುವಂತಿಲ್ಲ. 2011ರ ನೀತಿಯಲ್ಲಿ ಆಕಾಶವಾಣಿಯ ಸುದ್ದಿಯನ್ನು ಒಂದಕ್ಷರ ಬದಲಿಸದೆ ಹಾಕಬಹುದು ಅಂದರು, ಅಷ್ಟೇ. ಟ್ರಾಫಿಕ್, ಮಳೆ, ಪರೀಕ್ಷೆಯ ಫಲಿತಾಂಶ ಹೇಳಬಹುದು. ಸಮುದಾಯ ರೇಡಿಯೋಗೂ ಇದೇ ಕಟ್ಟು. ಗಾಳಿಯ ತರಂಗಗಳು ಜನರ ಆಸ್ತಿ ಅಂತ ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ. ಟಿವಿಯಲ್ಲಿ ಯುದ್ಧಕ್ಕೆ ಡ್ರಮ್ ಬಾರಿಸಬಹುದು, ಯೂಟ್ಯೂಬಿನಲ್ಲಿ ಏನು ಬೇಕಾದರೂ ಹೇಳಬಹುದು, ಎಫ್‌ಎಂನಲ್ಲಿ ಮಾತ್ರ ಆರ್‌ಜೆ ಹಾಡು ಹಾಕಿಕೊಂಡು ಹಲ್ಕಿರಿಯುತ್ತಾ ಇರಬೇಕು. ಇದರಲ್ಲಿ ಏನು ತರ್ಕ ಇದೆ ಅಂತ ನನಗಂತೂ ಹೊಳೆದಿಲ್ಲ.

2022ರ ಮಾರ್ಚ್‌ನಲ್ಲಿ ಹಾವೇರಿ ಜಿಲ್ಲೆಯ ವೈದ್ಯಕೀಯ ವಿದ್ಯಾರ್ಥಿಯೊಬ್ಬ ಉಕ್ರೇನಿನ ಖಾರ್ಕಿವ್‌ನಲ್ಲಿ ದಾಳಿಗೆ ಸಿಕ್ಕಿ ಸತ್ತ. ಆ ವಾರ ಎಷ್ಟು ಅಪ್ಪ ಅಮ್ಮಂದಿರಿಗೆ ಕೇಳುವ ಪ್ರಶ್ನೆ ಇತ್ತು! ಅದೇ ವರ್ಷ ಜುಲೈನಲ್ಲಿ ಶ್ರೀಲಂಕಾದ ಅಧ್ಯಕ್ಷ ದೇಶ ಬಿಟ್ಟು ಓಡಿದರು. 2024ರ ಆಗಸ್ಟ್‌ನಲ್ಲಿ ಬಾಂಗ್ಲಾದೇಶದ ಪ್ರಧಾನಿ ನಮ್ಮಲ್ಲಿಗೇ ಓಡಿ ಬಂದರು. 2025ರ ಸೆಪ್ಟೆಂಬರ್‌ನಲ್ಲಿ ಕಠ್ಮಂಡುವಿನ ಸಂಸತ್ ಭವನಕ್ಕೆ ಬೆಂಕಿ ಬಿತ್ತು. ಬೆಂಗಳೂರಿನ ಎಷ್ಟೋ ಅಪಾರ್ಟ್‌ಮೆಂಟುಗಳ ಗೇಟಿನಲ್ಲಿ ನಿಂತಿರುವುದು ನೇಪಾಳದ ಹುಡುಗರು. ಅವರಲ್ಲಿ ಒಬ್ಬನಿಗೆ ಒಂದು ಗಂಟೆ ಮೈಕು ಕೊಟ್ಟು, ಅವನ ಮುರುಕು ಕನ್ನಡದಲ್ಲೇ ಮಾತಾಡಿಸಿ, ಮಂಡ್ಯ, ಬೀದರಿನಿಂದ ಫೋನ್ ತಗೊಂಡಿದ್ದರೆ ಹೇಗಿರ್ತಿತ್ತು? ಎಂಟು ಚೌಕದವರಿಗಿಂತ ಜಾಸ್ತಿ ಗೊತ್ತಾಗ್ತಿತ್ತು.

ಪಾಡ್‌ಕಾಸ್ಟ್ ಇದೆಯಲ್ಲ ಅಂತ ಕೆಲವರು ಹೇಳ್ತಾರೆ. ನಾನೂ ಕೇಳ್ತೀನಿ. ಇಬ್ಬರು ಗೆಳೆಯರು ಪರಸ್ಪರ ತಲೆಯಾಡಿಸೋದೇ ಜಾಸ್ತಿ, ಮಧ್ಯದಲ್ಲಿ ಅಡ್ಡ ಬರೋಕೆ ಯಾರಿಗೂ ದಾರಿ ಇಲ್ಲ.

ಆಕಾಶವಾಣಿಯಲ್ಲಿ ಕೆಲಸ ಮಾಡಿದವರು, ಮಾಡುತ್ತಿರುವವರು ಈ ಗೋಡೆಯ ಮೇಲೆ ಕೆಲವರಾದರೂ ಇದ್ದೀರಿ ಅಂತ ಗೊತ್ತು. ನಿಮ್ಮ ನೇರ ಫೋನ್-ಇನ್‌ನಲ್ಲಿ ಮಂಡಿನೋವು, ತೆಂಗಿನ ನುಸಿ ಅಂತ ಜನ ಎಷ್ಟು ತಾಳ್ಮೆಯಿಂದ ಕೇಳ್ತಾರೆ, ಡಾಕ್ಟ್ರು ಅಷ್ಟೇ ತಾಳ್ಮೆಯಿಂದ ಉತ್ತರ ಹೇಳ್ತಾರೆ. ಹಾಗೆ ಮಾತಾಡುತ್ತಾ ಯಾರಾದರೂ ವಿಷಯ ಬಿಟ್ಟು ರಾಜಕೀಯಕ್ಕೆ ಹೋದರೆ ಏನು ಮಾಡ್ತಿದ್ರಿ? ಲೈನ್ ಕಟ್ಟಾ, ಹಾಡಾ? ಕಮೆಂಟಿನಲ್ಲಿ ಬರೆಯಿರಿ, ನಿಜವಾಗಲೂ ತಿಳ್ಕೊಳ್ಳೋ ಆಸೆ ಇದೆ.