ನಿಂತಲ್ಲೇ ನಡಿಗೆ

ಲಾಲ್‌ಬಾಗ್‌ನ ಬಂಡೆಯ ಮೇಲೆ ಕೂತಿದ್ದಾಗ ನನಗೊಂದು ವಿಚಾರ ಹೊಳೆಯಿತು. ಒಳ್ಳೆಯ ವಿಚಾರ. ಅದನ್ನು ಹೇಳೋಣ ಅಂತಲೇ ಬರೆಯಲು ಕೂತಿದ್ದೇನೆ. ಆದರೆ ಮೊದಲು ನನ್ನ ಭಾವನ ವಿಷಯ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ತಿಂದ ಅನ್ನ ಅರಗುವುದಿಲ್ಲ.

ಮೈಸೂರಿನಿಂದ ಮದುವೆ ಗಿದುವೆ ಅಂತ ಬೆಂಗಳೂರಿಗೆ ಹೋದರೆ ನಾನು ಉಳಿಯುವುದು ಅಕ್ಕನ ಮನೆಯಲ್ಲಿ. ಭಾವ ರಿಟೈರ್ ಆದ ಮೇಲೆ ದಿನಾ ಬೆಳಿಗ್ಗೆ ಲಾಲ್‌ಬಾಗ್‌ಗೆ ಹೋಗುತ್ತಾರೆ. ‘ಬಾರಯ್ಯ, ನಿನಗೂ ಹೊಟ್ಟೆ ಬಂದಿದೆ’ ಅಂದರು. ಆ ಮಾತನ್ನು ಕಾಫಿ ಜೊತೆ ನುಂಗಿಕೊಂಡು ಹೊರಟೆ. ನಾನು ಹೊರಟಿದ್ದು ಮರ ನೋಡಲು. ಅವರು ಹೊರಟಿದ್ದು ಹತ್ತು ಸಾವಿರ ಹೆಜ್ಜೆ ಹಾಕಲು. ಇದು ಗೇಟು ದಾಟುವವರೆಗೆ ನನಗೆ ಗೊತ್ತಿರಲಿಲ್ಲ.

ಮಗ ಕೊಡಿಸಿದ ಒಂದು ವಾಚು ಅವರ ಕೈಯಲ್ಲಿದೆ. ಅದು ಹೆಜ್ಜೆ ಎಣಿಸುತ್ತದೆ. ನಾನು ಬೂರುಗದ ಮರದ ಹತ್ತಿರ ನಿಂತೆ. ಬುಡದಲ್ಲಿ ಬೇರುಗಳು ಗೋಡೆ ಎಬ್ಬಿಸಿದ ಹಾಗೆ ಎದ್ದಿವೆ, ಎರಡು ಬೇರಿನ ಸಂದಿಯಲ್ಲಿ ಆರಾಮಾಗಿ ಒಂದು ಸ್ಕೂಟರ್ ನಿಲ್ಲಿಸಬಹುದು. ಭಾವ ನಿಲ್ಲಲಿಲ್ಲ. ಹಾಗಂತ ಮುಂದೆಯೂ ಹೋಗಲಿಲ್ಲ. ನನ್ನ ಪಕ್ಕದಲ್ಲೇ, ನಿಂತ ಜಾಗದಲ್ಲೇ, ಕಾಲೆತ್ತಿ ಕಾಲಿಡುತ್ತಿದ್ದರು. ಟಪ, ಟಪ, ಟಪ. ‘ನೋಡು ನೋಡು, ನಿಧಾನವಾಗಿ ನೋಡು’ ಅನ್ನುತ್ತಾ ಟಪ, ಟಪ. ಬಸ್ಸಿನವನು ಹಾರನ್ ಹೊಡೆಯುತ್ತಿರುವಾಗ ಮಂಗಳಾರತಿ ತಗೊಂಡ ಹಾಗಾಯಿತು ನನಗೆ.

ಅವರು ಮಾತಾಡುವುದೂ ಹೆಜ್ಜೆಯ ತಾಳಕ್ಕೇ. ‘ಹೈದರಾಲಿ. 1760. ಈಗ 240 ಎಕರೆ. ಗಾಜಿನ ಮನೆ. 1889.’ ಒಂದು ಹೆಜ್ಜೆಗೆ ಒಂದು ಇಸವಿ. ‘ನಿಮ್ಮೂರಲ್ಲಿ ಏನಿದೆ ಹೇಳು?’ ಬೃಂದಾವನ ಅಂದೆ. ಲಾಲ್‌ಬಾಗನ್ನು ನೋಡಿಕೊಂಡ ಜರ್ಮನಿಯ ಕ್ರುಂಬಿಗಲ್ ಸಾಹೇಬರೇ ಅದರ ವಿನ್ಯಾಸದಲ್ಲೂ ಇದ್ದವರು ಅಂತ ಸೇರಿಸಿದೆ. ‘ಅದು ಮಂಡ್ಯ ಜಿಲ್ಲೆ’ ಅಂದರು ಭಾವ. ನಿಜ. ಮಂಡ್ಯದ ನನ್ನ ಸ್ನೇಹಿತನೂ ಇಪ್ಪತ್ತು ವರ್ಷದಿಂದ ಇದೇ ಮಾತನ್ನು ಇನ್ನೂ ಖಾರವಾಗಿ ಹೇಳುತ್ತಿದ್ದಾನೆ.

ಆಮೇಲೆ ಭಾವ ಒಂದು ಮಾತು ಎಸೆದರು. ‘ಜಾನ್ ಕ್ಯಾಮರಾನ್ ಅಂತ ಇದ್ದರು ಇಲ್ಲಿ, ಕ್ರುಂಬಿಗಲ್‌ಗಿಂತ ಮುಂಚೆ. ಸೀಮೆಬದನೆಕಾಯಿ ನಮ್ಮ ಕಡೆ ಬಂದಿದ್ದು ಅವರಿಂದಲೇ.’

ನನ್ನ ಕಾಲು ಅಲ್ಲೇ ನಿಂತುಬಿಟ್ಟವು.

ಸಾಹೇಬರ ತಪ್ಪೇನಿಲ್ಲ. ಪಾಪ, ಮೆಕ್ಸಿಕೋ ಕಡೆಯ ಒಂದು ಬಳ್ಳಿ ಈ ಹವೆಗೆ ಒಗ್ಗುತ್ತದೆ ಅಂತ ತಂದು ಬೆಳೆಸಿರಬೇಕು. ಇವತ್ತಿಗೂ ತಮಿಳರು ಅದನ್ನು ಬೆಂಗಳೂರು ಕತ್ತರಿಕ್ಕಾಯಿ ಅನ್ನುತ್ತಾರೆ. ನನ್ನ ತಕರಾರು ಸರಸ್ವತಿಪುರಂನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದವರ ಮೇಲೆ. ಅವರ ಹಿತ್ತಲಲ್ಲಿ ಚಪ್ಪರ ಇತ್ತು. ಚಪ್ಪರ ಅವರದು, ಬಳ್ಳಿ ಕಾಂಪೌಂಡಿನ ಈಚೆಗೆ. ಕೀಳುವ ಕೆಲಸ ನಮ್ಮದು, ಉಪಕಾರ ಅವರದು. ವಾರಕ್ಕೆ ಎರಡು ಸಲ ಅಮ್ಮನ ಸೆರಗಿನಲ್ಲಿ ಹತ್ತು ಕಾಯಿ. ಸೋಮವಾರ ಪಲ್ಯ, ಮಂಗಳವಾರ ಕೂಟು, ಬುಧವಾರ ಮಜ್ಜಿಗೆಹುಳಿ. ಗುರುವಾರ ಬೇರೆ ಏನೋ ಇದೆ ಅಂತ ಆಸೆಯಿಂದ ಕೂತರೆ, ಬುಧವಾರದ ಸಿಪ್ಪೆಯ ಚಟ್ನಿ!

ಅದಕ್ಕೆ ತನ್ನದು ಅಂತ ಒಂದು ರುಚಿ ಇದೆಯೇ? ಒಗ್ಗರಣೆ ಹೇಳಿದ್ದಕ್ಕೆಲ್ಲ ಹೂಂ ಅನ್ನುವ ತರಕಾರಿ ಅದು. ಸಿಪ್ಪೆ ಹೆರೆಯುವ ಕೆಲಸ ನನಗೆ ಬೀಳುತ್ತಿತ್ತು. ಅಂಟು ಕೈಗೆ ಹತ್ತಿ, ಒಣಗಿ, ಅಂಗೈ ಬಿಗಿದುಕೊಳ್ಳುತ್ತಿತ್ತು. ಆಮೇಲೆ ಚರ್ಮ ಹಾಳೆ ಹಾಳೆಯಾಗಿ ಏಳುತ್ತಿತ್ತು. ಶಾಲೆಯಲ್ಲಿ ಮೇಷ್ಟ್ರು ಕೈ ಮುಂದೆ ಮಾಡು ಅಂದರೆ, ಏಟಿಗಿಂತ ಜಾಸ್ತಿ ಆ ಚರ್ಮದ್ದೇ ನಾಚಿಕೆ.

ಬೇಡ ಅಂತ ಅಡುಗೆಮನೆ ಮೂಲೆಯಲ್ಲಿ ಒಂದನ್ನು ಮುಚ್ಚಿಟ್ಟಿದ್ದೆ. ಹದಿನೈದು ದಿನ ಬಿಟ್ಟು ನೋಡಿದರೆ ಕಾಯಿಯ ತುದಿಯ ಸೀಳಿನಿಂದ ಹಸಿರು ನಾಲಿಗೆ ಹೊರಗೆ ಬಂದಿದೆ! ಮಣ್ಣಿಲ್ಲ, ನೀರಿಲ್ಲ, ಬಿಸಿಲಿಲ್ಲ. ಅದರೊಳಗೆ ಇರುವುದು ಒಂದೇ ಬೀಜ, ಅದು ಕಾಯಿಯಲ್ಲಿ ಇದ್ದಹಾಗೇ ಮೊಳೆಯುತ್ತದೆ, ನೆಡುವುದಾದರೆ ಇಡೀ ಕಾಯನ್ನೇ ನೆಡಬೇಕು. ಇದೆಲ್ಲ ಆಮೇಲೆ ತಿಳಿಯಿತು. ಆವತ್ತು ಮಾತ್ರ ಅದು ನನ್ನನ್ನು ಅಣಕಿಸುತ್ತಿದೆ ಅಂತಲೇ ಅನ್ನಿಸಿತು. ಅಮ್ಮನಿಗೆ ಖುಷಿಯೋ ಖುಷಿ. ‘ನೋಡೋ, ಲಕ್ಷ್ಮಿ ಬಂದ ಹಾಗೆ’ ಅಂತ ನಮ್ಮ ಹಿತ್ತಲಲ್ಲೂ ನೆಟ್ಟರು. ಅಲ್ಲಿಂದ ಮುಂದೆ ಎರಡು ಚಪ್ಪರ. ಅವರು ನಮಗೆ ಹತ್ತು ಕೊಟ್ಟರೆ ನಾವು ಅವರಿಗೆ ಹನ್ನೆರಡು. ಒಬ್ಬರ ಮುಖ ಒಬ್ಬರಿಗೆ ಕಂಡರೆ ಸಾಕು, ಎರಡೂ ಮನೆಯವರ ಕೈ ಬೆನ್ನ ಹಿಂದೆ. ಕೈಯಲ್ಲಿ ಚೀಲ.

ಭಾವ ಇದನ್ನೆಲ್ಲ ಕೇಳಿದರು. ನಿಂತಲ್ಲೇ ನಡೆಯುತ್ತಾ ಕೇಳಿದರು. ‘ನಮ್ಮ ಮನೆಯಲ್ಲಿ ಇವತ್ತು ಅದೇ ಕೂಟು’ ಅಂದರು.

ನಾಗಲಿಂಗ ಮರದ ಕೆಳಗೆ ಉದುರಿದ್ದ ಒಂದು ಹೂವು ಎತ್ತಿಕೊಂಡೆ. ಒಳಗೆ ಹೆಡೆ, ಹೆಡೆಯ ಕೆಳಗೆ ಲಿಂಗ. ಹುಟ್ಟಿದ ಊರು ದಕ್ಷಿಣ ಅಮೆರಿಕ, ಆದರೂ ಬಂದು ಎಷ್ಟು ಚೆನ್ನಾಗಿ ಶೈವವಾಗಿಬಿಟ್ಟಿದೆ! ಇನ್ನೂ ಒಂದಿಷ್ಟು ನೋಡೋಣ ಅಂದರೆ ಹಿಂದಿನಿಂದ ಆರು ಜನರ ವಾಕಿಂಗ್ ಗುಂಪು ಬಂತು. ರಸ್ತೆಯಗಲ ಹರಡಿಕೊಂಡು, ಸೈಟಿನ ರೇಟು ಮಾತಾಡಿಕೊಂಡು, ನನ್ನನ್ನು ಮರದ ಬೊಡ್ಡೆಗೆ ಒತ್ತಿ ಹೋದರು. ಒಬ್ಬರಾದರೂ ತಲೆ ಎತ್ತಿದರೆ ಕೇಳಿ. ಇವರಿಗೆಲ್ಲ ಯಾಕಪ್ಪಾ ಈ ತೋಟ? ಮೆಜೆಸ್ಟಿಕ್ ಬಸ್‌ಸ್ಟ್ಯಾಂಡ್ ಸುತ್ತಿದರೂ ಹತ್ತು ಸಾವಿರ ಆಗುತ್ತದೆ.

ಕೊನೆಗೆ ಬಂಡೆ ಹತ್ತಿದೆವು. ಕೆಂಪೇಗೌಡರ ಗೋಪುರದ ಪಕ್ಕ ಕೂತೆ. ಸುಮಾರು 300 ಕೋಟಿ ವರ್ಷದ ಕಲ್ಲಂತೆ. ಬೆಳಗಿನ ಹೊತ್ತು ಇನ್ನೂ ತಣ್ಣಗಿತ್ತು. ಆ ವಿಚಾರ ಹೊಳೆದದ್ದು ಆಗಲೇ. ಮರಕ್ಕೂ ಕಲ್ಲಿಗೂ ಸಂಬಂಧಪಟ್ಟದ್ದು. ತಿರುಗಿ ಭಾವನಿಗೆ ಹೇಳಲು ಬಾಯಿ ತೆರೆದೆ. ಟಪ, ಟಪ, ಟಪ. ‘ಕೂತರೆ ಲೆಕ್ಕಕ್ಕೆ ಬರಲ್ಲ ಕಣಯ್ಯ’ ಅಂದರು.

ಸಾಯಂಕಾಲದ ರೈಲಿನಲ್ಲಿ ವಾಪಸ್ ಹೊರಟೆ. ಮದ್ದೂರಿನಲ್ಲಿ ವಡೆ ತಿಂದೆ, ವಿಚಾರ ನೆನಪಾಗಲಿಲ್ಲ. ಶ್ರೀರಂಗಪಟ್ಟಣದಲ್ಲಿ, ಟಿಪ್ಪುವಿನ ಗುಂಬಜ್ ಇರುವ ತೋಟದ ಹೆಸರೂ ಲಾಲ್‌ಬಾಗೇ ಅಲ್ವಾ, ಭಾವನಿಗೆ ಇದನ್ನು ಹೇಳಬೇಕಿತ್ತು ಅನ್ನಿಸಿತು. ಅಷ್ಟರಲ್ಲಿ ರೈಲು ಕಾವೇರಿ ದಾಟಿತು. ಜೇಬಿನಲ್ಲಿದ್ದ ನಾಗಲಿಂಗ ಕಪ್ಪಾಗಿತ್ತು, ವಾಸನೆ ಮಾತ್ರ ಹಾಗೇ ಇತ್ತು.

ಫೋನಿಗೆ ಭಾವನ ಮೆಸೇಜ್ ಬಂತು: ‘ನಿನ್ನಿಂದ ಇವತ್ತು 2,312 ಕಮ್ಮಿ.’