ಯಾರ ಪೈಕಿ?

ಕಳೆದ ತಿಂಗಳು ಪುಣೆಯ ನಮ್ಮ ಕನ್ನಡ ಕ್ರೈಸ್ತ ಸಭೆಯ ಕಮಿಟಿ ಮೀಟಿಂಗಿನಲ್ಲಿ ಎರಡು ವಿಷಯಗಳಿದ್ದವು. ಮೊದಲನೆಯದು, ಕೀರ್ತನೆಯ ಸಾಲುಗಳನ್ನು ತೋರಿಸಲು ದೊಡ್ಡ ಪರದೆ, ಜೊತೆಗೊಂದು ಡ್ರಮ್ ಸೆಟ್ಟು. "ಯೌವನಸ್ಥರು ಬರುತ್ತಿಲ್ಲ, ಕಾಲಕ್ಕೆ ತಕ್ಕಂತೆ ಬದಲಾಗಬೇಕು" ಎಂದು ಒಬ್ಬರು ಹೇಳಿ ಮುಗಿಸುವಷ್ಟರಲ್ಲಿ ಮಂಜೂರಾಯಿತು.

ಎರಡನೆಯದು ಒಂದು ಪತ್ರ. ಬರೆದವಳು ಬೀದರ ಜಿಲ್ಲೆಯಿಂದ ಬಂದು ಇಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವ ಹುಡುಗಿ. ಒಂದೇ ಕೋಣೆಯಲ್ಲಿ ನಾಲ್ವರು ಇದ್ದಾರೆ, ಸಂಜೆ ಆರರಿಂದ ಹತ್ತರವರೆಗೆ ಖಾಲಿ ಇರುವ ಸಭಾಂಗಣದಲ್ಲಿ ಕುಳಿತು ಓದಬಹುದೇ ಎಂದು ಕೇಳಿದ್ದಳು. ಪುಣೆಯನ್ನು ಬಲ್ಲವರಿಗೆ ಇದರ ಕಷ್ಟ ಗೊತ್ತು. ಸದಾಶಿವ ಪೇಠೆಯ ಕಡೆ ಓದಲು ಒಂದು ಕುರ್ಚಿ, ಮೇಜು ಬೇಕೆಂದರೂ ತಿಂಗಳ ಬಾಡಿಗೆ ಕೊಡಬೇಕು. ಅಂಥ ಜಾಗಕ್ಕೆ ಅಭ್ಯಾಸಿಕೆ ಎನ್ನುತ್ತಾರೆ.

ಪತ್ರ ಓದಿ ಮುಗಿದ ಕೂಡಲೇ ಬಂದ ಮೊದಲ ಪ್ರಶ್ನೆ: "ಹುಡುಗಿ ಯಾರ ಪೈಕಿ?"

ಆಮೇಲೆ ಕರೆಂಟು ಬಿಲ್ಲು, ಕೀಲಿಕೈ, ಗೆಳತಿಯರಲ್ಲಿ ಇಬ್ಬರು ಕ್ರೈಸ್ತರಲ್ಲ ಎಂಬುದು, ಎಲ್ಲವೂ ಚರ್ಚೆಯಾಗಿ ವಿಷಯ ಮುಂದಕ್ಕೆ ಹೋಯಿತು. ನಾನೂ ಬಾಯಿ ಬಿಡಲಿಲ್ಲ. ಚಹಾ ಬಂತು, ಕುಡಿದೆ.

ನಾನು ಉಡುಪಿಯ ಕಡೆಯವನು. ನಮ್ಮಲ್ಲಿ 'ಯಾರ ಪೈಕಿ' ಎಂದರೆ ಏನೆಂದು ವಿವರಿಸಬೇಕಾಗಿಲ್ಲ. ಜಾತಿ ಕೇಳುವ ಮರ್ಯಾದಸ್ತ ದಾರಿ ಅದು. ನಮ್ಮ ಸಭೆಯಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನಿಂದ ಕ್ರೈಸ್ತರಾದ ಕರಾವಳಿಯ ಮನೆತನಗಳಿವೆ. ಬೀದರ, ಹುಮನಾಬಾದ ಕಡೆಯ ಮೆಥೋಡಿಸ್ಟ್ ಪಂಗಡದವರೂ ಇದ್ದಾರೆ. ಮುಂದಿನ ಬೆಂಚುಗಳಲ್ಲಿ ಯಾರು, ಹಿಂದಿನವುಗಳಲ್ಲಿ ಯಾರು ಎಂಬುದನ್ನು ಯಾರೂ ಬರೆದಿಟ್ಟಿಲ್ಲ. ಆದರೂ ತಪ್ಪುವುದಿಲ್ಲ. 1950ರ ರಾಷ್ಟ್ರಪತಿಗಳ ಆದೇಶ ದಲಿತ ಕ್ರೈಸ್ತರನ್ನು ಪರಿಶಿಷ್ಟ ಜಾತಿಯ ಪಟ್ಟಿಯಿಂದ ಹೊರಗಿಟ್ಟಿದೆ. 1956ರಲ್ಲಿ ಸಿಖ್ಖರನ್ನೂ 1990ರಲ್ಲಿ ಬೌದ್ಧರನ್ನೂ ಸೇರಿಸಿಕೊಂಡರು, ನಮ್ಮವರನ್ನು ಸೇರಿಸಲಿಲ್ಲ. ಇದರ ವಿರುದ್ಧ ಸಭೆಗಳು ದನಿ ಎತ್ತುವುದು ನ್ಯಾಯವೇ. ಆದರೆ ಮತಾಂತರವಾದರೂ ಜಾತಿ ಬಿಡುವುದಿಲ್ಲ ಎಂದು ದೆಹಲಿಗೆ ಸಾಕ್ಷಿ ಹೇಳುವ ನಾವು, ಬೆಂಚಿನ ಸಾಲಿನಲ್ಲಿ ಅದೇ ಸಾಕ್ಷಿಯನ್ನು ಪ್ರತಿ ಭಾನುವಾರ ಒದಗಿಸುತ್ತಿದ್ದೇವೆ.

1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರು ಮಾಡಲು ಬಂದದ್ದು ಪ್ರಸಂಗವನ್ನು, ಅಂದರೆ ಧರ್ಮೋಪದೇಶವನ್ನು, ಹೆಂಚನ್ನಲ್ಲ. ಆದರೆ ದೀಕ್ಷಾಸ್ನಾನ ಪಡೆದವರಿಗೆ ಮನೆಯೂ ಹೋಯಿತು, ಕಸುಬೂ ಹೋಯಿತು. ಹೊಟ್ಟೆಗೇನು ಎಂಬ ಪ್ರಶ್ನೆ ಎದುರಾದಾಗ ಮಗ್ಗಗಳು ಬಂದವು, 1865ರಲ್ಲಿ ಹೆಂಚಿನ ಕಾರ್ಖಾನೆ ಬಂತು. ಅಲ್ಲಿ ಎಲ್ಲವೂ ಸರಿಯಿತ್ತು ಎಂದು ನಾನು ಹೇಳುವುದಿಲ್ಲ. ಸಂಬಳ ಕೊಡುವ ಕೈಯೂ ಆಶೀರ್ವಾದ ಮಾಡುವ ಕೈಯೂ ಒಂದೇ ಆದರೆ ಮನುಷ್ಯ ಸ್ವಲ್ಪ ಬಾಗಿಯೇ ನಡೆಯುತ್ತಾನೆ. ಆದರೆ ಆ ಹೆಂಚು ಎಲ್ಲರ ಮಾಡಿನ ಮೇಲೂ ಕುಳಿತಿತು. ಅದೇ ಮಿಷನ್ನಿನ ಕಿಟೆಲ್ಲರ, 1894ರಲ್ಲಿ ಅಚ್ಚಾದ ಕನ್ನಡ ನಿಘಂಟನ್ನು ತೆರೆದರೆ ನೀವು ಯಾರ ಪೈಕಿ ಎಂದು ಅದು ಕೇಳುವುದಿಲ್ಲ.

ಮೀಟಿಂಗಿನಲ್ಲಿ ಒಬ್ಬ ಹಿರಿಯರು ಹೇಳಿದ ಭಯವನ್ನು ಮಾತ್ರ ನಾನು ತಳ್ಳಿಹಾಕಲಾರೆ. ಬೇರೆ ಧರ್ಮದ ಹುಡುಗಿಯರನ್ನು ಕೂರಿಸಿದರೆ ನಾಳೆ ಮತಾಂತರದ ದೂರು ಬರಬಹುದು ಎಂದರು. ಬರಬಹುದು. ಇದೇ ಊರಿನಲ್ಲಿ ಒಮ್ಮೆ ಬಂದಿತ್ತು. ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ 1858ರಲ್ಲಿ ಹುಟ್ಟಿ, ಮುಂದೆ ಕ್ರೈಸ್ತರಾದ ಪಂಡಿತಾ ರಮಾಬಾಯಿಯವರು 1889ರಲ್ಲಿ ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನ ತೆರೆದರು, ಮರುವರ್ಷ ಪುಣೆಗೆ ತಂದರು. 1893ರಲ್ಲಿ ಮತಾಂತರದ ಆರೋಪ ಎದ್ದು ಪಾಲಕರು ಹುಡುಗಿಯರನ್ನು ಬಿಡಿಸಿಕೊಂಡು ಹೋದರು. ಅಲ್ಲಿ ಕೆಲವರು ಕ್ರೈಸ್ತರಾದದ್ದೂ ನಿಜ. ರಮಾಬಾಯಿ ಸದನವನ್ನು ಮುಚ್ಚಲಿಲ್ಲ. ಕೆಲವೇ ವರ್ಷಗಳಲ್ಲಿ ಬರಗಾಲ ಬಂದಾಗ ದಿಕ್ಕಿಲ್ಲದ ಹೆಣ್ಣುಮಕ್ಕಳನ್ನು ಕರೆತಂದು ಕೇಡಗಾಂವಿನಲ್ಲಿ ನೆಲೆ ಕೊಟ್ಟರು. ಅಲ್ಲಿನ ಅಚ್ಚುಕೂಟದಲ್ಲಿ ಅಚ್ಚುಮೊಳೆ ಜೋಡಿಸುವುದನ್ನೂ ಹೆಂಗಸರೇ ಕಲಿತರು. ಪುಣೆಯಿಂದ ದೌಂಡಿನ ರೈಲು ಹತ್ತಿದರೆ ಇವತ್ತಿಗೂ ಕೇಡಗಾಂವ್ ಸ್ಟೇಷನ್ ಸಿಗುತ್ತದೆ.

ಹಾಗಾಗಿ ನನ್ನ ಅಭಿಪ್ರಾಯ ಇಷ್ಟೇ: ಸಭಾಂಗಣ ತೆರೆಯಿರಿ, ಆದರೆ ಓದಲು ಬಂದವರಿಗೆ ಪ್ರಸಂಗ ಬೇಡ, ಕರಪತ್ರ ಬೇಡ, ಭಾನುವಾರದ ಆಹ್ವಾನವೂ ಬೇಡ. ಟ್ಯೂಬ್‌ಲೈಟು, ಫ್ಯಾನು, ಕುಡಿಯುವ ನೀರು ಸಾಕು. ಆರು ದಿನ ಬೀಗ ಹಾಕಿರುವ ಕಟ್ಟಡ ಏಳನೆಯ ದಿನ ಎಷ್ಟು ಗಟ್ಟಿಯಾಗಿ ಹಾಡಿದರೂ ಬೀದಿಯವರಿಗೆ ಅದು ಗದ್ದಲವೇ.

ಇನ್ನು ಯೌವನಸ್ಥರ ಮಾತು. ಪರದೆ ಇಲ್ಲವೆಂದು ಅವರು ಬರುತ್ತಿಲ್ಲವೆಂದರೆ ನಾನು ನಂಬುವುದಿಲ್ಲ. ಪರದೆ ಅವರ ಜೇಬಿನಲ್ಲೇ ಇದೆ. ನನ್ನ ಮಗ ಆರಾಧನೆಗೆ ಬರುವುದನ್ನು ಬಿಟ್ಟು ಎರಡು ವರ್ಷವಾಯಿತು. ಡ್ರಮ್ ಬೇಕೆಂದು ಅವನು ಕೇಳಿರಲಿಲ್ಲ. ಮೆಚ್ಚಿದ ಹುಡುಗಿಯ ಹೆಸರು ಹೇಳಿದಾಗ ಸಭೆಯ ಹಿರಿಯರೊಬ್ಬರು ಕೇಳಿದ್ದು ಇದೇ ಎರಡು ಪದಗಳನ್ನು. ಅವರು ಕೇಳುವ ಮೊದಲು, ಮನೆಯಲ್ಲಿ, ನಾನೂ ಕೇಳಿದ್ದೆ.

ಮೊನ್ನೆ ಕಾರ್ಯದರ್ಶಿಗಳಿಗೆ ಫೋನ್ ಮಾಡಿ, ಆರು ತಿಂಗಳ ಕರೆಂಟು ಬಿಲ್ಲು ನಾನು ಕೊಡುತ್ತೇನೆ, ಪತ್ರವನ್ನು ಮತ್ತೆ ತೆಗೆಯಿರಿ ಎಂದೆ. "ಆಗಲಿ ಮಾರಾಯರೇ, ಆದರೆ ರಾತ್ರಿ ಹತ್ತಕ್ಕೆ ಬೀಗ ಹಾಕುವವರು ಯಾರು?" ಎಂದರು. ನಾನೇ ಹಾಕುತ್ತೇನೆ ಎಂದೆ. ಹುಡುಗಿಯನ್ನು ವಿಚಾರಿಸಿದರೆ, ಅವಳು ಆಗಲೇ ಅಭ್ಯಾಸಿಕೆಯೊಂದಕ್ಕೆ ಮೂರು ತಿಂಗಳ ಹಣ ಕಟ್ಟಿದ್ದಾಳಂತೆ. ಅವಳ ಗೆಳತಿಯರಿಗೆ ಇನ್ನೂ ಜಾಗ ಸಿಕ್ಕಿಲ್ಲ.