ಹೆಜ್ಜೆ ನನ್ನದು, ಲೆಕ್ಕ ಅವರದು

ಮನಶ್ಶಾಂತಿ ನಮ್ಮ ಮನೆಗೆ ಬಂದ ಮೇಲೆ ನನಗೆ ಸರಿಯಾಗಿ ನಿದ್ದೆಯಿಲ್ಲ. ನಿನ್ನೆ ರಾತ್ರಿ ಹತ್ತೂಮುಕ್ಕಾಲಿಗೆ ಕಣ್ಣು ಹತ್ತುತ್ತಿತ್ತು, ಅಷ್ಟರಲ್ಲಿ ಹಾಲಿನಿಂದ ಟಪ್ ಟಪ್ ಶುರುವಾಯಿತು. ನಮ್ಮ ಮನೆಯವರು. ಹತ್ತು ಸಾವಿರ ಹೆಜ್ಜೆಗೆ ಇನ್ನೂ ಎಂಟುನೂರು ಬಾಕಿಯಂತೆ.

ಬ್ಯಾಂಕಿನಿಂದ ರಿಟೈರ್ ಆದವರು ಒಂದಷ್ಟು ದಿನ ಸುಮ್ನೆ ಪೇಪರ್ ಓದಿಕೊಂಡು ಇದ್ದರು. ಆಮೇಲೆ ಡಾಕ್ಟರು ಬಿಪಿ ಸ್ವಲ್ಪ ಜಾಸ್ತಿ ಅಂದರು. ಅಲ್ಲಿಂದ ಬಂದವರೇ ಮೊಬೈಲಿನಲ್ಲಿ ವಿಡಿಯೋ ನೋಡಲು ಕೂತರು. ಸಣ್ಣ ಸಣ್ಣ ಅಭ್ಯಾಸಗಳಿಂದ ಮನಸ್ಸು ತಿಳಿಯಾಗುತ್ತದೆ ಅಂತ ಗಡ್ಡದವರೊಬ್ಬರು ಅದರಲ್ಲಿ ಹೇಳುತ್ತಿದ್ದರು. ಅಭ್ಯಾಸ ಸಣ್ಣದೇ. ಬೆಳಿಗ್ಗೆ ಎದ್ದ ಕೂಡಲೇ ತಾಮ್ರದ ಚೊಂಬಿನಲ್ಲಿಟ್ಟ ನೀರು ಕುಡಿಯಬೇಕು. ಆ ಚೊಂಬನ್ನು ಹುಣಸೆಹಣ್ಣು ಹಾಕಿ ಉಜ್ಜುವವರು ಯಾರು ಅನ್ನುವುದು ಮಾತ್ರ ವಿಡಿಯೋದಲ್ಲಿ ಇರಲಿಲ್ಲ.

ಮಲಗುವ ಮುಂಚೆ ಡೈರಿಯಲ್ಲಿ, ಇವತ್ತು ಯಾವುದಕ್ಕೆಲ್ಲ ಕೃತಜ್ಞರು ಅಂತ ಮೂರು ವಿಷಯ ಬರೆಯಬೇಕು. ಇವರಿಗೆ ಎರಡು ಹೊಳೆಯುತ್ತದೆ, ಮೂರನೆಯದಕ್ಕೆ ನನ್ನನ್ನು ಎಬ್ಬಿಸುತ್ತಾರೆ.

"ಏನೇ, ಇನ್ನೊಂದು ಹೇಳೇ."

"ಹೆಂಡತಿ ಇನ್ನೂ ಸುಮ್ನಿದಾಳೆ ಅಂತ ಬರ್ಕೊಳ್ಳಿ."

ಬರೆದುಕೊಂಡರು! ಬೆಳಿಗ್ಗೆ ನೋಡಿದೆ, ಅಡಿಗೆರೆ ಬೇರೆ ಎಳೆದಿದ್ದರು.

ಇದನ್ನೆಲ್ಲ ಹೇಗೋ ತಡೆದುಕೊಳ್ಳಬಹುದಿತ್ತು. ಅಷ್ಟರಲ್ಲಿ ಮಗ ಕೈಗೆ ಕಟ್ಟುವ ಆ ಗಡಿಯಾರ ಕಳಿಸಿದ. ಅದು ಟೈಮು ತೋರಿಸುವುದು ಕಮ್ಮಿ, ಬುದ್ಧಿ ಹೇಳುವುದು ಜಾಸ್ತಿ. ಸ್ವಲ್ಪ ಹೊತ್ತು ಕೂತರೆ ಸಾಕು, ಗುರ್ ಅಂದು 'ಏಳಿ' ಅನ್ನುತ್ತದೆ. ಮೊನ್ನೆ ಸತ್ಯನಾರಾಯಣ ಪೂಜೆಯಲ್ಲಿ ಸಂಕಲ್ಪದ ಹೊತ್ತಿಗೆ ಸರಿಯಾಗಿ ಗುರ್ ಅಂತು. ಇವರು ಎದ್ದು ನಿಂತೇಬಿಟ್ಟರು. ಪುರೋಹಿತರು ಮಂತ್ರ ನಿಲ್ಲಿಸಿ, "ಕಾಲು ಹಿಡೀತೇನೋ, ಕುರ್ಚಿ ಹಾಕ್ಲಾ?" ಅಂತ ಕೇಳಿದರು.

ಬೆಳಿಗ್ಗೆ ಕುಕ್ಕರಹಳ್ಳಿ ಕೆರೆಗೆ ವಾಕಿಂಗ್ ಹೋಗುತ್ತಾರೆ, ನಿಜ. ಆದರೆ ಅಲ್ಲಿ ನಡೆಯುವುದಕ್ಕಿಂತ ಕಲ್ಲುಬೆಂಚಿನ ಮೇಲೆ ಪೆನ್ಷನ್, ಡಿಎ ಮಾತು ನಡೆಯುವುದೇ ಹೆಚ್ಚು. ಹಾಗಾಗಿ ರಾತ್ರಿಯಾದರೂ ಲೆಕ್ಕ ತುಂಬಿರುವುದಿಲ್ಲ. ಒಂಬತ್ತು ಗಂಟೆಗೆ ಸರಿಯಾಗಿ ಶಿವಮೊಗ್ಗದಿಂದ ಇವರ ತಮ್ಮ ಮನೆ ಗ್ರೂಪಿಗೆ ತನ್ನ ಹೆಜ್ಜೆಯ ಫೋಟೋ ಹಾಕುತ್ತಾನೆ. ಹನ್ನೆರಡು ಸಾವಿರ. ಜೊತೆಗೆ ಕೈ ಮುಗಿಯುವ ಚಿತ್ರ. ಅದನ್ನು ನೋಡಿದ ಮೇಲೆ ಇವರಿಗೆ ಮೊಸರನ್ನ ಇಳಿಯುವುದಿಲ್ಲ. ಹಾಲು, ಅಡುಗೆಮನೆ, ಬಾಲ್ಕನಿ, ವಾಪಸ್ ಹಾಲು. ಕೆಳಗಿನ ಮನೆ ಹುಡುಗಿ ಗೇಟಿನ ಹತ್ತಿರ ಸಿಕ್ಕಿ, ದನಿ ತಗ್ಗಿಸಿ ವಿಚಾರಿಸಿದಳು: "ಆಂಟಿ, ರಾತ್ರಿ ಹೊತ್ತು ಮೇಲೆ ಯಾರಿಗಾದ್ರೂ ಹುಷಾರಿಲ್ವಾ?"

ಹುಷಾರು ತಪ್ಪಿದ್ದು ಯಾರಿಗೆ ಅಂತ ಹೇಳಲಿ?

ಒಂದು ಭಾನುವಾರ ಎಣ್ಣೆಸ್ನಾನಕ್ಕೆ ಹೋಗುವಾಗ ಗಡಿಯಾರ ಬಿಚ್ಚಿ ನನ್ನ ಕೈಗೆ ಕೊಟ್ಟರು. ಎಲ್ಲಿ ಇಡಲಿ ಅಂತ ಗೊತ್ತಾಗದೆ ನಾನೇ ಕಟ್ಟಿಕೊಂಡೆ. ಕಟ್ಟಿಕೊಂಡೇ ಕಾಯಿ ತುರಿದೆ, ಮಜ್ಜಿಗೆ ಕಡೆದೆ, ಚಪಾತಿ ಲಟ್ಟಿಸಿದೆ. ಇವರು ಸ್ನಾನ ಮುಗಿಸಿ ಸೀಗೆಪುಡಿಯ ಕಣ್ಣಲ್ಲೇ ಗಡಿಯಾರ ನೋಡಿದರು. ಕೆಲವು ನೂರು ಹೆಜ್ಜೆ ಏರಿತ್ತು. ನಾನು ಒಲೆ ಮುಂದಿನಿಂದ ಕದಲಿರಲಿಲ್ಲ. ಪಾಪ, ಆ ಗಡಿಯಾರಕ್ಕೆ ಗೊತ್ತಿರುವುದು ಕೈ ಆಡುವುದು ಮಾತ್ರ. ಆಡಿದ್ದು ಕೆರೆ ಏರಿಯ ಮೇಲೋ ಲಟ್ಟಣಿಗೆಯ ಮೇಲೋ ಅಂತ ಅದು ವಿಚಾರಿಸುವುದಿಲ್ಲ.

ಬೇರೆ ಯಾರಾದರೂ ಆಗಿದ್ದರೆ ಗಡಿಯಾರವನ್ನು ಡ್ರಾಯರಿಗೆ ಹಾಕಿ ಬೀಗ ಹಾಕುತ್ತಿದ್ದರು. ಇವರ ಮುಖ ಅರಳಿತು. "ಇವತ್ತು ರಾತ್ರೀನೂ ಚಪಾತೀನೇ ಮಾಡೇ" ಅಂದರು. ಅವತ್ತಿನಿಂದ ನಮ್ಮ ಮನೆಯಲ್ಲಿ ರಾತ್ರಿ ಮುದ್ದೆ ನಿಂತುಹೋಗಿದೆ. ಮುದ್ದೆ ತೊಳಸುವುದಕ್ಕೂ ಹೆಜ್ಜೆ ಬೀಳುತ್ತದಾ ಅಂತ ಒಮ್ಮೆ ಪರೀಕ್ಷೆ ಮಾಡಿಸಿದರು, ಬಿದ್ದದ್ದು ಸಾಲಲಿಲ್ಲವಂತೆ. ಗಂಡನ ಪುಣ್ಯದಲ್ಲಿ ಹೆಂಡತಿಗೆ ಅರ್ಧ ಪಾಲು ಅಂತ ಹಿರಿಯರು ಹೇಳುತ್ತಾರೆ. ಇಲ್ಲಿ ಹೆಂಡತಿಯ ಹೆಜ್ಜೆ ಪೂರ್ತಿ ಗಂಡನಿಗೆ. ಶಿವಮೊಗ್ಗದ ಮೈದುನ ಮೊನ್ನೆ, "ಅಣ್ಣ, ಈ ವಯಸ್ಸಲ್ಲಿ ಹದಿಮೂರು ಸಾವಿರ! ಗ್ರೇಟ್" ಅಂತ ಬರೆದಿದ್ದ. ಇವರು 'ಎಲ್ಲಾ ದೇವರ ದಯೆ' ಅಂತ ಉತ್ತರ ಕೊಟ್ಟರು. ದೇವರು ಅಡುಗೆಮನೆಯಲ್ಲಿ ಹಿಟ್ಟಿನ ಕೈಯಲ್ಲಿ ನಿಂತಿದ್ದಳು.

ಈ ಹತ್ತು ಸಾವಿರ ಎಲ್ಲಿಂದ ಬಂತು ಅಂತ ನಾನೂ ಓದಿದೆ. ಟೋಕಿಯೊದಲ್ಲಿ 1964ರಲ್ಲಿ ಒಲಿಂಪಿಕ್ಸ್ ನಡೆದು, ಜಪಾನಿನವರಿಗೆ ನಡೆಯುವ ಹುಮ್ಮಸ್ಸು ಬಂದಿತ್ತು. ಮರುವರ್ಷ, 1965ರಲ್ಲಿ, ಅಲ್ಲಿನ ಒಂದು ಕಂಪನಿ ಸೊಂಟಕ್ಕೆ ಸಿಕ್ಕಿಸುವ ಹೆಜ್ಜೆ ಎಣಿಸುವ ಯಂತ್ರ ಮಾರಲು ಶುರು ಮಾಡಿತು. ಅದಕ್ಕೆ 'ಮನ್‌ಪೊ-ಕೇ', ಅಂದರೆ ಹತ್ತು ಸಾವಿರ ಹೆಜ್ಜೆಯ ಮೀಟರು, ಅಂತ ಹೆಸರಿಟ್ಟಿತು. ನಮ್ಮ ಮನೆಯಲ್ಲಿ ನಿದ್ದೆ ಕೆಡಿಸುತ್ತಿರುವ ಲೆಕ್ಕ ಹೆಚ್ಚುಕಮ್ಮಿ ಒಂದು ಜಾಹೀರಾತು! ಇವರಿಗೆ ಹೇಳಿದೆ. "ಜಪಾನಿನವರು ಸುಮ್ನೆ ಹೇಳ್ತಾರಾ?" ಅಂದರು.

ಬಿಡಲಿಲ್ಲ ನಾನು. ಅಮೆರಿಕದಲ್ಲಿ 2019ರಲ್ಲಿ ಒಂದು ಅಧ್ಯಯನ ಪ್ರಕಟವಾಗಿದೆ. ಅದರಲ್ಲಿದ್ದವರ ಸರಾಸರಿ ವಯಸ್ಸು 72. ದಿನಕ್ಕೆ 4,400 ಹೆಜ್ಜೆ ನಡೆದವರಿಗೇ ಒಳ್ಳೆ ಉಪಯೋಗ ಕಂಡಿತ್ತು, 7,500ರ ಹತ್ತಿರ ಬರುವಷ್ಟರಲ್ಲಿ ಲಾಭ ಏರುವುದು ನಿಂತಿತ್ತು. ಅದನ್ನೂ ಓದಿ ಹೇಳಿದೆ. ಪೂರ್ತಿ ಕೇಳಿಸಿಕೊಂಡರು. "ಅಧ್ಯಯನ ಯಾರ ಮೇಲೆ ಮಾಡಿದ್ದು?" ಅಂದರು.

"ಹೆಂಗಸರ ಮೇಲೆ."

"ನೋಡು ಮತ್ತೆ. ಅದು ನಿಮಗೆ."

ಬ್ಯಾಂಕಿನಲ್ಲಿ ಇವರ ಹತ್ತಿರ ಸಾಲ ಕೇಳಲು ಬರುತ್ತಿದ್ದವರ ಕಷ್ಟ ನನಗೆ ಈಗ ಅರ್ಥವಾಗುತ್ತಿದೆ.

ಹೆಜ್ಜೆಯ ವಿಷಯ ಹೋಗಲಿ. ನನಗೆ ನಿಜವಾಗಿ ಸಿಟ್ಟು ಬರುವುದು ಬೆಳಗಿನ ಐದು ಗಂಟೆಗೆ. ಮೊದಲು ಆ ಹೊತ್ತು ನನ್ನದಾಗಿತ್ತು. ಫಿಲ್ಟರಿಗೆ ಪುಡಿ ಹಾಕಿ, ಬಿಸಿನೀರು ಸುರಿದು, ಡಿಕಾಕ್ಷನ್ ಇಳಿಯುವವರೆಗೆ ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಡುತ್ತಿದ್ದೆ. ಆಮೇಲೆ ಲೋಟ ಹಿಡಿದು ಮೆಟ್ಟಿಲ ಮೇಲೆ ಕೂರುತ್ತಿದ್ದೆ. ಮಕ್ಕಳು ಸ್ಕೂಲಿಗೆ ಹೋಗುತ್ತಿದ್ದ ಕಾಲದಲ್ಲೂ ಆ ಅರ್ಧ ಗಂಟೆ ಯಾರೂ ನನ್ನನ್ನು ಕರೆಯುತ್ತಿರಲಿಲ್ಲ, ಯಾಕಂದರೆ ಯಾರೂ ಎದ್ದಿರುತ್ತಿರಲಿಲ್ಲ. ನಮ್ಮಮ್ಮನಿಗೂ ಇಂಥದ್ದೊಂದು ಹೊತ್ತಿತ್ತು. ಮಧ್ಯಾಹ್ನ ಎಲ್ಲರ ಊಟ ಮುಗಿದ ಮೇಲೆ ಹಿತ್ತಲ ಕಟ್ಟೆಯಲ್ಲಿ ಎಲೆಯಡಿಕೆ ಹಾಕಿಕೊಂಡು ಕೂರುತ್ತಿದ್ದಳು. ಆಗ ಯಾರು ಕೂಗಿದರೂ ಅವಳಿಗೆ ಕೇಳಿಸುತ್ತಿರಲಿಲ್ಲ. ಕಿವಿ ಮಾತ್ರ ಕೊನೆಯವರೆಗೂ ಚೆನ್ನಾಗಿಯೇ ಇತ್ತು.

ಈಗ ಐದಕ್ಕೆ ಇವರ ಭ್ರಾಮರಿ ಪ್ರಾಣಾಯಾಮ. ದುಂಬಿಯ ಹಾಗೆ ಝೇಂಕರಿಸಬೇಕಂತೆ. ಇವರದು ಇಡ್ಲಿ ಅಕ್ಕಿ ಹಾಕಿದ ಹಳೇ ಮಿಕ್ಸಿಯ ಹಾಗಿದೆ. ನಡುವೆ ನಿಲ್ಲಿಸಿ, "ಕಾಫಿ ಆಯ್ತೇನೇ?" ಅಂತ ಕೇಳಿ ಮತ್ತೆ ಝೇಂಕಾರ.

ಹೋದ ವಾರ ಒಂದು ಆಸೆ ಹುಟ್ಟಿತ್ತು. ಹೊಸ ವಿಡಿಯೋದಲ್ಲಿ ದಿನಕ್ಕೊಂದು ಗಂಟೆ ಮೌನವಾಗಿರಿ ಅಂದಿದ್ದರಂತೆ. "ಗಾಂಧೀಜಿ ಸೋಮವಾರ ಮಾತೇ ಆಡ್ತಿರ್ಲಿಲ್ಲ, ಗೊತ್ತಾ?" ಅಂದರು. ನಾನು ತಕ್ಷಣ, "ಬೆಳಿಗ್ಗೆ ಐದರಿಂದ ಆರು ಪ್ರಶಸ್ತವಾದ ಹೊತ್ತು ರೀ, ಬ್ರಾಹ್ಮೀ ಮುಹೂರ್ತ ಬಿಡಬಾರದು" ಅಂದೆ. ಒಪ್ಪಿದರು. ಆದರೆ ಗಾಂಧೀಜಿ ಮೌನದ ದಿನ ಚೀಟಿ ಬರೆದು ಕೊಡುತ್ತಿದ್ದರು ಅನ್ನುವುದೂ ಇವರಿಗೆ ಗೊತ್ತಿತ್ತು.

ಇವತ್ತು ಬೆಳಿಗ್ಗೆ ಲೋಟ ಹಿಡಿದು ಮೆಟ್ಟಿಲ ಮೇಲೆ ಕೂತಿದ್ದೆ. ಹಿಂದಿನಿಂದ ಚಪ್ಪಾಳೆ ಕೇಳಿಸಿತು. ಚೀಟಿ ಬಂತು: 'ಕಾಫಿ?' ಕೊಟ್ಟು ಬಂದು ಕೂತೆ. ಮತ್ತೆ ಚಪ್ಪಾಳೆ, ಇನ್ನೊಂದು ಚೀಟಿ: 'ಸಕ್ಕರೆ ಕಮ್ಮಿ.' ಅದೇ ಪೆನ್ನು ಕಿತ್ತುಕೊಂಡು ಚೀಟಿಯ ಹಿಂದೆ, 'ನಂದೂ ಮೌನ' ಅಂತ ದಪ್ಪಕ್ಷರದಲ್ಲಿ ಬರೆದು ಕೊಟ್ಟೆ. ಇವರು ಕನ್ನಡಕ ಏರಿಸಿ ಓದಿದರು. ತುಂಬ ಸಂತೋಷದಿಂದ ತಲೆ ಆಡಿಸಿದರು. ಆಮೇಲೆ ಅದರ ಕೆಳಗೇ ಬರೆದು ವಾಪಸ್ ಕೊಟ್ಟರು: 'ತಿಂಡಿ ಏನು?'